ಮಾತು ಕಮ್ಮಿ ಇದ್ದರೆ ಇಕ್ಯೂ ಕಮ್ಮಿಯಾ?

ಜುಲೈ ತಿಂಗಳ ಮಡಿಕೇರಿ. ಮೂರು ದಿನದಿಂದ ಬಿಡದೆ ಹೊಡೆಯುತ್ತಿದ್ದ ಮಳೆ. ಕಾಲೇಜಿನ ಹಾಲ್ ಬಾಗಿಲಲ್ಲಿ ಕೊಡೆಗಳ ರಾಶಿ. ಅದರಿಂದ ಇಳಿದ ನೀರು ಎರಡನೇ ಸಾಲಿನ ಕುರ್ಚಿವರೆಗೂ ಬಂದಿತ್ತು. ಒಳಗೆ ಕೊನೆ ವರ್ಷದ ಡಿಗ್ರಿ ಮಕ್ಕಳಿಗೆ ಪ್ಲೇಸ್‌ಮೆಂಟ್ ತರಬೇತಿ. ಹೊರಗಿನಿಂದ ಬಂದಿದ್ದ ತರಬೇತುದಾರರು ಎರಡು ಪುಟದ ಹಾಳೆ ಹಂಚಿದರು. ಮೇಲೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಇಕ್ಯೂ ಎಷ್ಟು?’ ಅಂತ ಇತ್ತು. ಇಕ್ಯೂ ಅಂದರೆ ಭಾವನಾತ್ಮಕ ಬುದ್ಧಿವಂತಿಕೆಯ ಅಳತೆ.

ಕೆಳಗೆ ಮೂವತ್ತು ವಾಕ್ಯ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಹಾಕಿಕೊಳ್ಳಬೇಕು. ‘ನನ್ನ ಭಾವನೆಗಳು ನನಗೆ ಚೆನ್ನಾಗಿ ಅರ್ಥವಾಗುತ್ತವೆ.’ ‘ಒತ್ತಡ ಬಂದರೂ ಸಮಾಧಾನ ಕಳೆದುಕೊಳ್ಳುವುದಿಲ್ಲ.’ ‘ಹೊಸಬರ ಜೊತೆ ಸುಲಭವಾಗಿ ಬೆರೆಯುತ್ತೇನೆ.’ ಮುಂದಿನ ಬೆಂಚಿನ ಹುಡುಗನೊಬ್ಬ ಐದೇ ನಿಮಿಷಕ್ಕೆ ಮುಗಿಸಿ ಪೆನ್ನು ತಿರುಗಿಸುತ್ತಾ ಕೂತ. ಹಿಂದೆ, ಸಿದ್ದಾಪುರ ಕಡೆಯಿಂದ ಬರುವ ಹುಡುಗಿಯೊಬ್ಬಳು ಮೊದಲ ವಾಕ್ಯದಲ್ಲೇ ನಿಂತಿದ್ದಳು. ಕೊನೆಗೆ ಕೈ ಎತ್ತಿದಳು.

“ಸರ್, ಯಾವಾಗಿನ ಭಾವನೆ?”

ಹಾಲ್ ನಕ್ಕಿತು. ತರಬೇತುದಾರರೂ ನಕ್ಕರು. “ಸುಮ್ನೆ ಜನರಲ್ ಆಗಿ ಹಾಕಮ್ಮ” ಅಂದರು.

ಹಾಳೆಗಳನ್ನು ಒಟ್ಟುಗೂಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹುಡುಗನಿಗೆ 150ಕ್ಕೆ 138. ಹುಡುಗಿಗೆ 81. ಅವಳ ಹಾಳೆಯ ಮೇಲೆ ‘ಸುಧಾರಣೆ ಬೇಕು’ ಎಂದು ಬರೆಯಲಾಯಿತು.

ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬಳು ಹುಡುಗಿಗೆ ಮನೆಯಿಂದ ಫೋನ್ ಬಂತು. ಮಾತಾಡಿ ಮುಗಿಸಿ ಬಂದು ಡಬ್ಬಿ ತೆರೆಯದೆ ಕೂತಳು. ಸುತ್ತ ಹತ್ತು ಜನ ಇದ್ದರು. 81 ಅಂಕದವಳು ತನ್ನ ಜಾಗದಿಂದ ಎದ್ದು ಬಂದು ಪಕ್ಕದಲ್ಲಿ ಕೂತಳು. ಏನಾಯ್ತು ಅಂತ ಕೇಳಲಿಲ್ಲ. ಡಬ್ಬಿ ಮುಚ್ಚಳದಲ್ಲಿ ಅರ್ಧ ಅಕ್ಕಿ ರೊಟ್ಟಿ ಇಟ್ಟು ಅವಳ ಕಡೆ ತಳ್ಳಿದಳು, ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ತಿನ್ನುತ್ತಿದ್ದರು.

ಇದೊಂದೇ ಘಟನೆ ಹಿಡಿದು ನಾನು ಏನನ್ನೂ ಸಾಬೀತು ಮಾಡಲು ಹೊರಟಿಲ್ಲ. 138 ಅಂಕದ ಹುಡುಗನೂ ಕೆಟ್ಟವನಲ್ಲ. ಅವನು ಇದ್ದ ಕಡೆ ನಗು ಇರುತ್ತದೆ, ಹೊಸಬರಿಗೆ ಮೊದಲು ‘ಬಾ’ ಅನ್ನುವವನೂ ಅವನೇ. ನನ್ನ ತಕರಾರು ಆ ಹಾಳೆಯ ಜೊತೆ. ಅದು ಅಳೆದದ್ದು ಏನನ್ನು?

ಒಂದೇ ಹೆಸರು, ಎರಡು ಸರಕು

ಭಾವನಾತ್ಮಕ ಬುದ್ಧಿವಂತಿಕೆ, ಚಿಕ್ಕದಾಗಿ ಭಾವ-ಬುದ್ಧಿ, ಅನ್ನುವ ಮಾತನ್ನು ಇವತ್ತು ಎಲ್ಲರೂ ಆಡುತ್ತಾರೆ. ಮನಶ್ಶಾಸ್ತ್ರದಲ್ಲಿ ಅದು ಒಂದು ಖಚಿತ ಕಲ್ಪನೆಯಾಗಿ ನೆಲೆಯಾದದ್ದು 1990ರಲ್ಲಿ. ಅಮೆರಿಕದ ಪೀಟರ್ ಸಲೋವಿ ಮತ್ತು ಜಾನ್ ಮೇಯರ್ ಆ ವರ್ಷ ಒಂದು ಪ್ರಬಂಧ ಬರೆದರು. ಅವರ ಪ್ರಕಾರ ಇದೊಂದು ಸಾಮರ್ಥ್ಯ. ಲೆಕ್ಕ ಬರುತ್ತದೆ, ಭಾಷೆ ಬರುತ್ತದೆ ಅನ್ನುವ ಹಾಗೆ. ಎದುರಿನವರ ಮುಖ ನೋಡಿ ಭಾವ ಗುರುತಿಸುವುದು, ಆ ಭಾವವನ್ನು ಯೋಚನೆಗೆ ಬಳಸಿಕೊಳ್ಳುವುದು, ಅದು ಎಲ್ಲಿಂದ ಹುಟ್ಟಿತು, ಮುಂದೆ ಏನಾಗಬಹುದು ಎಂದು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ಹೀಗೆ ನಾಲ್ಕು ಕವಲು ಎಂದು ಮುಂದೆ ವಿಂಗಡಿಸಿದರು.

1995ರಲ್ಲಿ ಪತ್ರಕರ್ತ ಡೇನಿಯಲ್ ಗೋಲ್‌ಮನ್ ಇದೇ ವಿಷಯದ ಮೇಲೆ ಪುಸ್ತಕ ಬರೆದರು. ಅದು ಲಕ್ಷಗಟ್ಟಲೆ ಮಾರಾಟವಾಯಿತು. ಜೊತೆಗೆ ಆ ಪದದ ಹೊಟ್ಟೆಯೂ ಹಿಗ್ಗಿತು. ಛಲ, ಉತ್ಸಾಹ, ಬೆರೆಯುವ ಗುಣ ಎಲ್ಲವೂ ಅದರೊಳಗೆ ಹೋದವು. ‘ಬದುಕಿನ ಯಶಸ್ಸಿನಲ್ಲಿ ಇಕ್ಯೂ ಪಾಲು ಶೇಕಡಾ 80’ ಎಂಬ ಮಾತನ್ನು ತರಬೇತಿಗಳಲ್ಲಿ ನೀವೂ ಕೇಳಿರಬಹುದು. ಅದು ತಪ್ಪಾಗಿ ಓದಿದ್ದು. ಐಕ್ಯೂ, ಅಂದರೆ ಸಾಮಾನ್ಯ ಬುದ್ಧಿಯ ಅಳತೆ, ಅದರ ಪಾಲು ಸುಮಾರು 20 ಇರಬಹುದು ಎಂದು ಗೋಲ್‌ಮನ್ ಬರೆದಿದ್ದರು. ಉಳಿದ 80ರಲ್ಲಿ ಹುಟ್ಟಿದ ಮನೆ, ಅದೃಷ್ಟ ಎಲ್ಲ ಸೇರಿವೆ. ಯಾರೋ ಅದಿಷ್ಟನ್ನೂ ಇಕ್ಯೂ ಖಾತೆಗೆ ಜಮಾ ಮಾಡಿಬಿಟ್ಟರು.

2000ದ ಆಸುಪಾಸಿನಲ್ಲಿ ಲಂಡನ್ನಿನ ಕೆ.ವಿ. ಪೆಟ್ರಿಡಿಸ್ ಮತ್ತು ಏಡ್ರಿಯನ್ ಫರ್ನ್‌ಹ್ಯಾಮ್ ಈ ಗೊಂದಲಕ್ಕೆ ಒಂದು ಗೆರೆ ಎಳೆದರು. ಒಂದು, ಸಾಮರ್ಥ್ಯವಾಗಿ ಭಾವ-ಬುದ್ಧಿ. ಇದನ್ನು ಪರೀಕ್ಷೆ ಕೊಟ್ಟು ಅಳೆಯಬೇಕು. ಇನ್ನೊಂದು, ಸ್ವಭಾವವಾಗಿ ಭಾವ-ಬುದ್ಧಿ. ಅಂದರೆ ಭಾವನೆಗಳ ವಿಷಯದಲ್ಲಿ ನಾನು ಎಷ್ಟು ಗಟ್ಟಿಗ ಎಂದು ನನಗೇ ಅನ್ನಿಸುವುದು. ಇದನ್ನು ಪ್ರಶ್ನಾವಳಿ ಕೊಟ್ಟು ಕೇಳುತ್ತಾರೆ. ಮಡಿಕೇರಿಯ ಹಾಲ್‌ನಲ್ಲಿ ಹಂಚಿದ್ದು ಈ ಎರಡನೇ ಜಾತಿಯದು. ಮೊಬೈಲಿನಲ್ಲಿ ಸಿಗುವ ‘ನಿಮ್ಮ ಇಕ್ಯೂ ತಿಳಿಯಿರಿ’ ಟೆಸ್ಟ್‌ಗಳು ಬಹುಪಾಲು ಇದೇ ಜಾತಿ.

ವ್ಯತ್ಯಾಸ ತಿಳಿಯಲು ಒಂದು ಉದಾಹರಣೆ ಸಾಕು. ‘ನಿನಗೆ ಈಜು ಬರುತ್ತಾ?’ ಎಂದು ದಡದಲ್ಲಿ ಕೇಳುವುದು ಒಂದು. ಹೊಳೆಗೆ ಇಳಿಸಿ ನೋಡುವುದು ಇನ್ನೊಂದು. ಭಾವ-ಬುದ್ಧಿಯಲ್ಲಿ ಈ ಎರಡರ ಅಂಕಗಳು ಒಂದಕ್ಕೊಂದು ಅಷ್ಟಾಗಿ ತಾಳೆಯಾಗುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ತನಗೆ ಜಾಸ್ತಿ ಇದೆ ಎಂದುಕೊಂಡವರಿಗೆ ಪರೀಕ್ಷೆಯಲ್ಲಿ ಜಾಸ್ತಿ ಬರಲೇಬೇಕೆಂದಿಲ್ಲ.

ಸ್ವಭಾವದ ಐದು ಎಳೆ

ಈಗ ವ್ಯಕ್ತಿತ್ವದ ಕಡೆ ಬರೋಣ. 1936ರಲ್ಲಿ ಗಾರ್ಡನ್ ಆಲ್ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟು ಜಾಲಾಡಿ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದ ಹೆಕ್ಕಿದರು. ಜನ ಪರಸ್ಪರ ಗಮನಿಸಿದ ಗುಣಗಳೆಲ್ಲ ಭಾಷೆಯಲ್ಲಿ ಎಲ್ಲೋ ಉಳಿದಿರುತ್ತವೆ ಅನ್ನುವ ನಂಬಿಕೆ ಅದರ ಹಿಂದಿತ್ತು. ಮುಂದಿನ ಐವತ್ತು ವರ್ಷ ಬೇರೆ ಬೇರೆಯವರು ಆ ರಾಶಿಯನ್ನು ಸೋಸಿ ಸೋಸಿ ಐದು ದೊಡ್ಡ ಎಳೆಗಳಿಗೆ ಇಳಿಸಿದರು. ಹೊಸದರ ಬಗ್ಗೆ ಕುತೂಹಲ. ಕೆಲಸದಲ್ಲಿ ಅಚ್ಚುಕಟ್ಟು. ಜನರೊಡನೆ ಮುನ್ನುಗ್ಗಿ ಬೆರೆಯುವುದು. ಮೃದುತನ, ಅಂದರೆ ಹೊಂದಿಕೊಂಡು ಹೋಗುವುದು. ಕೊನೆಯದು ಬೇಗ ಕಳವಳಗೊಳ್ಳುವ ಗುಣ. ಯಾರೂ ಒಂದೇ ಎಳೆಯವರಲ್ಲ. ಐದೂ ಎಲ್ಲರಲ್ಲಿವೆ, ಪ್ರಮಾಣ ಬೇರೆ.

(ನಾಲ್ಕು ಅಕ್ಷರದ ‘ಟೈಪ್’ ಹೇಳುವ ಟೆಸ್ಟ್ ಬೇರೆ. ಹುಡುಗರು ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಳ್ಳುತ್ತಾರಲ್ಲ, ಅದು. ಕೆಲವು ವಾರ ಬಿಟ್ಟು ಮತ್ತೆ ಮಾಡಿದರೆ ಎಷ್ಟೋ ಜನರ ಟೈಪೇ ಬದಲಾಗಿರುತ್ತದೆ. ಸುಮ್ನೆ ಮಜಾಕ್ಕೆ ಆದರೆ ಪರವಾಗಿಲ್ಲ.)

ಹಾಗಾದರೆ ಈ ಐದು ಎಳೆಗೂ ಭಾವ-ಬುದ್ಧಿಗೂ ಏನು ಸಂಬಂಧ? ಯಾವ ಭಾವ-ಬುದ್ಧಿ ಎನ್ನುವುದರ ಮೇಲೆ ಉತ್ತರ ಪೂರ್ತಿ ಬದಲಾಗುತ್ತದೆ. ಇದು ಈ ವಿಷಯದ ತಿರುಳು.

ಪ್ರಶ್ನಾವಳಿ ಜಾತಿಯದನ್ನು ಮೊದಲು ನೋಡಿ. ಕಳವಳ ಕಮ್ಮಿ ಇರುವವರು ಇದರಲ್ಲಿ ಜಾಸ್ತಿ ಅಂಕ ತೆಗೆಯುತ್ತಾರೆ. ಬೆರೆಯುವ ಗುಣ ಇರುವವರೂ ಹಾಗೆಯೇ. ಅಚ್ಚುಕಟ್ಟು, ಮೃದುತನ, ಕುತೂಹಲ ಕೂಡ ಸ್ವಲ್ಪ ಸ್ವಲ್ಪ ಕೈಜೋಡಿಸುತ್ತವೆ. 2017ರಲ್ಲಿ ಡಿಮಿಟ್ರಿ ವಾನ್ ಡರ್ ಲಿಂಡನ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಐದೂ ಎಳೆ ಸೇರಿಸಿ ತೆಗೆದ ಒಟ್ಟು ಸ್ವಭಾವದ ಅಂಕಕ್ಕೂ ಪ್ರಶ್ನಾವಳಿಯ ಭಾವ-ಬುದ್ಧಿಗೂ ನಡುವಿನ ಸಂಬಂಧ ಸುಮಾರು 0.85 ಬಂತು. ಇದರಲ್ಲಿ 0 ಅಂದರೆ ನಂಟೇ ಇಲ್ಲ, 1 ಅಂದರೆ ಎರಡೂ ಒಂದೇ. 0.85 ಅಂದರೆ ಒಂದೇ ಮನೆಗೆ ಎರಡು ಬಾಗಿಲು ಇದ್ದ ಹಾಗೆ. ಪರೀಕ್ಷೆ ಕೊಟ್ಟು ಅಳೆದ ಸಾಮರ್ಥ್ಯದ ಜೊತೆ ಇದೇ ಸಂಬಂಧ ಸುಮಾರು 0.28ಕ್ಕೆ ಇಳಿಯಿತು. ನಂಟು ಇದೆ, ಆದರೆ ದೂರದ್ದು. ಅಲ್ಲಿ ಸ್ವಲ್ಪ ಮುಂದೆ ಕಾಣುವುದು ಮೃದುತನ ಮತ್ತು ಕುತೂಹಲ. ಮಾತುಗಾರಿಕೆಗೆ ಅಲ್ಲಿ ದೊಡ್ಡ ಪಾತ್ರವೇನಿಲ್ಲ.

ಈಗ ಆ ಹಾಳೆಯನ್ನು ಮತ್ತೆ ತೆಗೆಯಿರಿ. ‘ಹೊಸಬರ ಜೊತೆ ಸುಲಭವಾಗಿ ಬೆರೆಯುತ್ತೇನೆ’ ಎಂದು ಕೇಳಿ, 5 ಹಾಕಿದವನಿಗೆ ಇಕ್ಯೂ ಜಾಸ್ತಿ ಅನ್ನುತ್ತೇವೆ. ಕೇಳಿದ್ದು ಸ್ವಭಾವ, ಕೊಟ್ಟ ಹೆಸರು ಬುದ್ಧಿ. ಸಂಕೋಚದ ಹುಡುಗಿಗೆ ‘ನಿನಗೆ ಸಂಕೋಚ’ ಎಂದಿದ್ದರೆ ಅವಳು ಹೌದು ಅನ್ನುತ್ತಿದ್ದಳು. ‘ನಿನಗೆ ಭಾವನೆ ಅರ್ಥವಾಗುವುದಿಲ್ಲ’ ಅನ್ನುವುದು ಬೇರೆ ಮಾತು, ಅಲ್ವಾ?

ಅವಳ ಪ್ರಶ್ನೆಯನ್ನೇ ನೋಡಿ. ಯಾವಾಗಿನ ಭಾವನೆ? ಬೆಳಿಗ್ಗೆ ಬಸ್ ತಪ್ಪುವಾಗಿನದಾ, ಅಪ್ಪನ ಜೊತೆ ಮಾತಿಗೆ ಮಾತು ಬೆಳೆದಾಗಿನದಾ? ಸಂದರ್ಭ ಬದಲಾದಂತೆ ಭಾವನೆಯೂ ಅದು ಅರ್ಥವಾಗುವ ಬಗೆಯೂ ಬದಲಾಗುತ್ತದೆ ಎಂದು ಹೊಳೆದವರಿಗಷ್ಟೇ ಈ ಪ್ರಶ್ನೆ ಬರುತ್ತದೆ. ಹಾಲ್‌ನಲ್ಲಿ ಅದು ಒಬ್ಬಳಿಗೇ ಹೊಳೆದಿತ್ತು.

ಸಾಮರ್ಥ್ಯದ ಪರೀಕ್ಷೆಯೂ ದೇವರ ತಕ್ಕಡಿಯೇನಲ್ಲ. ಮೇಯರ್, ಸಲೋವಿ, ಕರುಸೊ ಮಾಡಿದ ಹೆಸರುವಾಸಿ ಪರೀಕ್ಷೆಯಲ್ಲಿ 141 ಪ್ರಶ್ನೆ. ಮುಖದ ಫೋಟೊ ತೋರಿಸಿ ಯಾವ ಭಾವ ಎಷ್ಟಿದೆ ಎಂದು ಕೇಳುತ್ತಾರೆ. ಸರಿ ಉತ್ತರ ಯಾವುದು? ಹೆಚ್ಚು ಜನ ಹೇಳಿದ್ದು, ಇಲ್ಲವೇ 21 ಮಂದಿ ತಜ್ಞರು ಹೇಳಿದ್ದು. ಅಮೆರಿಕದಲ್ಲಿ ಸರಿ ಅನ್ನಿಸಿದ ಉತ್ತರ ಇಲ್ಲಿಗೂ ಸರಿಯೇ ಎಂದು ಹೇಗೆ ಹೇಳುವುದು? ನಮ್ಮಲ್ಲಿ ಸಾವಿನ ಮನೆಗೆ ಹೋಗಿ ಏನೂ ಮಾತಾಡದೆ ಒಂದು ಗಂಟೆ ಕೂತು ಬರುವುದೇ ದೊಡ್ಡ ಸಾಂತ್ವನ. ಅದಕ್ಕೆ ಯಾವ ಪರೀಕ್ಷೆಯಲ್ಲಿ ಅಂಕ ಕೊಡುತ್ತಾರೆ? ಇನ್ನು, ಏನು ಮಾಡಬೇಕು ಎಂದು ಗೊತ್ತಿರುವವರೆಲ್ಲ ಹಾಗೆ ಮಾಡುತ್ತಾರೆ ಎಂದೂ ಇಲ್ಲ. ಇನ್ನೊಬ್ಬರ ಮನಸ್ಸು ಓದಬಲ್ಲವನು ಆ ವಿದ್ಯೆಯನ್ನು ಮೋಸಕ್ಕೂ ಬಳಸಬಹುದು.

ತೂಕದ ಹೊತ್ತಿನಲ್ಲಿ

ಭಾವ-ಬುದ್ಧಿ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದರೆ ನಾನು ಸಭಾಂಗಣ ಬಿಟ್ಟು ತೋಟಕ್ಕೆ ಕರೆದುಕೊಂಡು ಹೋಗುತ್ತೇನೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕೊಡಗಿನದು. ರೋಬಸ್ಟಾ ಹಣ್ಣು ಕುಯ್ಯುವ ಕಾಲದಲ್ಲಿ, ಜನವರಿ ಸಂಜೆ, ತೋಟದಲ್ಲಿ ತೂಕ ನಡೆಯುತ್ತದೆ. ಕೆಲಸದವರು ಮೂಟೆ ಹೊತ್ತು ತಂದು ಸಾಲಾಗಿ ಇಡುತ್ತಾರೆ. ತೂಕ ನೋಡಿ ಪುಸ್ತಕಕ್ಕೆ ಬರೆಯುವವನು ರೈಟರ್. ನನಗೆ ಗೊತ್ತಿರುವ ಒಬ್ಬ ರೈಟರ್‌ಗೆ ಇಪ್ಪತ್ತನಾಲ್ಕು ವರ್ಷ. ಬಿಕಾಂ ಮುಗಿಸಿದ್ದಾನೆ. ಎರಡು ಇಂಟರ್‌ವ್ಯೂಗಳಲ್ಲಿ ‘ಮಾತಾಡಲ್ಲ’ ಎಂದು ವಾಪಸ್ ಬಂದವನು.

ಒಂದು ಸಂಜೆ ನಾನು ಅಲ್ಲಿದ್ದೆ. ಒಬ್ಬ ಹೆಂಗಸು ಮೂಟೆಯನ್ನು ದಿನದ ಹಾಗೆ ಇಳಿಸದೆ ದೊಪ್ಪೆಂದು ಎಸೆದಳು. ಮೇಸ್ತ್ರಿ ರೇಗಿದ. ರೈಟರ್ ತಲೆ ಎತ್ತಿ ಅವಳನ್ನು ನೋಡಿದ, ಮೇಸ್ತ್ರಿಯನ್ನು ನೋಡಿದ. “ಅಕ್ಕ, ನಿಮ್ದು ಮೊದಲು ಬರ್ಕೊಳ್ತೀನಿ, ಹೋಗಿ” ಅಂದ. ಸಾಲಿನಲ್ಲಿದ್ದವರು ಯಾರೂ ತಕರಾರು ಮಾಡಲಿಲ್ಲ. ಆಮೇಲೆ ನಾನು ಕೇಳಿದೆ, ಯಾಕೆ ಅಂತ. “ಮಗುಗೆ ಜ್ವರ ಅಂತ ಬೆಳಿಗ್ಗೆ ಹೇಳಿದ್ರು ಸರ್. ಸಿಟ್ಟಲ್ಲ ಅದು, ಹೆದರಿಕೆ” ಅಂದ.

ಸಿಟ್ಟಿನ ಹಾಗೆ ಕಂಡದ್ದನ್ನು ಹೆದರಿಕೆ ಎಂದು ಗುರುತಿಸಿದ. ಬೆಳಗಿನ ಮಾತನ್ನು ಸಂಜೆಯ ಮೂಟೆಗೆ ಜೋಡಿಸಿದ. ಮೇಸ್ತ್ರಿಯ ಮರ್ಯಾದೆಗೂ ಧಕ್ಕೆ ಬರದ ಹಾಗೆ ಜಗಳ ತಪ್ಪಿಸಿದ. ಸಲೋವಿ-ಮೇಯರ್ ಹೇಳಿದ ಕವಲುಗಳಲ್ಲಿ ಮೂರು ಅಲ್ಲೇ ಒಂದೂವರೆ ನಿಮಿಷದಲ್ಲಿ ಮುಗಿದುಹೋದವು. ಪ್ರಶ್ನಾವಳಿ ಕೊಟ್ಟರೆ ಅವನಿಗೂ ಎಂಬತ್ತರ ಆಸುಪಾಸು ಬರುತ್ತದೆ ಎಂದು ನನ್ನ ಅಂದಾಜು.

ನಮ್ಮ ‘ಬೇಜಾರು’

ಸಿಟ್ಟು ಬೇರೆ ಹೆದರಿಕೆ ಬೇರೆ ಎಂದು ಗುರುತಿಸುವುದು ಸಣ್ಣ ವಿಷಯವಲ್ಲ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಎಂಬ ಮನಶ್ಶಾಸ್ತ್ರಜ್ಞೆ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ತಮ್ಮ ಕೆಟ್ಟ ಭಾವನೆಗಳನ್ನು ಬಿಡಿಬಿಡಿಯಾಗಿ ಹೆಸರಿಸಬಲ್ಲವರು ಅವನ್ನು ಹೆಚ್ಚು ಚೆನ್ನಾಗಿ ನಿಭಾಯಿಸುತ್ತಾರೆ. ಎಲ್ಲವೂ ಒಂದೇ ಮುದ್ದೆಯಾಗಿ ಕಾಣುವವರಿಗೆ ಅದು ಕಷ್ಟ.

ನಮ್ಮ ಹುಡುಗರ ಮುದ್ದೆಯ ಹೆಸರು ‘ಬೇಜಾರು’. ಪಾಠ ರುಚಿಸದಿದ್ದರೆ ಬೇಜಾರು. ಗೆಳತಿ ಮಾತು ಬಿಟ್ಟರೆ ಬೇಜಾರು. ಅಜ್ಜಿ ತೀರಿಕೊಂಡರೂ ಬೇಜಾರು. ಇದಕ್ಕೂ ಸಾಲದೆ ಬಂದರೆ ‘ಟೆನ್ಶನ್’. ಆದರೆ ಕನ್ನಡದ ಉಗ್ರಾಣದಲ್ಲಿ ಎಷ್ಟಿದೆ ನೋಡಿ: ಕಸಿವಿಸಿ, ಮುಜುಗರ, ಅಳುಕು, ದಿಗಿಲು, ತಳಮಳ, ಸಂಕಟ, ಮುನಿಸು, ಹೊಟ್ಟೆಕಿಚ್ಚು. ಮುನಿಸಿಗೂ ಸಿಟ್ಟಿಗೂ ಎಷ್ಟು ಅಂತರ! ಮುನಿಸು ತನ್ನವರ ಮೇಲೆ ಮಾತ್ರ ಬರುತ್ತದೆ, ಯಾರಾದರೂ ಬಂದು ಸಮಾಧಾನ ಮಾಡಲಿ ಎಂದು ಕಾಯುತ್ತದೆ. ಬಸ್ಸಿನಲ್ಲಿ ಕಾಲು ತುಳಿದವನ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಹುಡುಗನೊಬ್ಬ ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಮಾತಾಡುತ್ತಾನೆ. ಇನ್ನೊಬ್ಬನ ಮನೆಯಲ್ಲಿ ತುಳು, ಮಲಯಾಳ, ಬ್ಯಾರಿ, ಯರವ ಭಾಷೆ ಇರಬಹುದು. ಪೇಟೆಯಲ್ಲಿ ಕನ್ನಡ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ. ಅಮ್ಮನ ಮೇಲಿನ ಮುನಿಸು ಇರುವುದು ಒಂದು ಭಾಷೆಯಲ್ಲಿ, ಅದಕ್ಕೆ ಅಂಕ ಹಾಕಬೇಕಾದದ್ದು ಇನ್ನೊಂದರಲ್ಲಿ. ಒಂದು ಸಲ ಕ್ಲಾಸಿನಲ್ಲಿ ‘ಬೇಜಾರು’ ಎಂಬ ಪದ ಬಳಸದೆ ನಿನ್ನೆಯ ದಿನವನ್ನು ಬರೆಯಿರಿ, ಮನೆ ಭಾಷೆಯ ಪದವಾದರೂ ಸರಿ ಎಂದು ಹೇಳಿದೆ. ಮೊದಲ ಹತ್ತು ನಿಮಿಷ ಯಾರೂ ಬರೆಯಲಿಲ್ಲ. ಆಮೇಲೆ ಬೆಲ್ ಹೊಡೆದರೂ ಎದ್ದೇಳಲಿಲ್ಲ.

ಗಟ್ಟಿ ಮನಸ್ಸಾ, ಮುಚ್ಚಿದ ಮನಸ್ಸಾ?

ಇಲ್ಲಿ ಸೈನ್ಯದ ಮನೆಗಳು ಜಾಸ್ತಿ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಫೋಟೊ ಅಂಗಡಿಗಳಲ್ಲೂ ಕಾಣುತ್ತದೆ. 1965ರ ಯುದ್ಧದಲ್ಲಿ ಕಾರ್ಯಪ್ಪ ಅವರ ಮಗ ಪಾಕಿಸ್ತಾನದ ಸೆರೆಯಾದರು. ಅವರಿಗೆ ವಿಶೇಷ ರಿಯಾಯಿತಿ ಕೊಡುವ ಮಾತು ಬಂದಾಗ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ ಎಂದು ತಂದೆ ನಿರಾಕರಿಸಿದರಂತೆ. ಕೊಡಗಿನ ಮಕ್ಕಳು ಈ ಕತೆ ಕೇಳಿಯೇ ಬೆಳೆಯುತ್ತಾರೆ. ಅಲುಗಾಡದೆ ನಿಲ್ಲುವುದು ಇಲ್ಲಿ ದೊಡ್ಡ ಗುಣ. ‘ಗಂಡಸಾಗಿ ಅಳ್ತೀಯಾ?’ ಎಂಬ ಮಾತೂ ಅದೇ ಮನೆಯ ಹಿತ್ತಲಲ್ಲಿ ಬೆಳೆದದ್ದು.

ಹೊರಗಿನಿಂದ ನೋಡಿದರೆ ಎರಡು ಬಗೆಯ ಮೌನ ಒಂದೇ ಥರ ಕಾಣುತ್ತವೆ. ಜೇಮ್ಸ್ ಗ್ರಾಸ್ ಎಂಬ ಸಂಶೋಧಕ ಇವನ್ನು ಬೇರ್ಪಡಿಸಿದರು. ಒಂದು, ನಡೆದದ್ದನ್ನು ಬೇರೆ ರೀತಿಯಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳುವುದು. ಇನ್ನೊಂದು, ಒಳಗೆ ಕುದಿಯುತ್ತಿದ್ದರೂ ಮುಖದಲ್ಲಿ ತೋರಿಸದಿರುವುದು. ಸದಾ ಎರಡನೆಯದನ್ನೇ ಮಾಡುವವರಲ್ಲಿ ಖುಷಿ ಕಮ್ಮಿ, ಆಪ್ತತೆಯೂ ಕಮ್ಮಿ ಎಂದು 2003ರಲ್ಲಿ ಅವರು ಮತ್ತು ಆಲಿವರ್ ಜಾನ್ ಪ್ರಕಟಿಸಿದ ಅಧ್ಯಯನಗಳು ಹೇಳಿದವು. ಆದರೆ 2007ರ ಇನ್ನೊಂದು ಅಧ್ಯಯನದಲ್ಲಿ ಒಂದು ಕುತೂಹಲದ ಸಂಗತಿ ಸಿಕ್ಕಿತು. ಏಷ್ಯಾದ ಮೌಲ್ಯಗಳನ್ನು ಹೆಚ್ಚು ಒಪ್ಪುವ ಹೆಂಗಸರಲ್ಲಿ ಈ ಅದುಮಿಡುವಿಕೆಯ ಕೆಟ್ಟ ಪರಿಣಾಮ ಕಮ್ಮಿ ಇತ್ತು. ಎಲ್ಲರೂ ಹಾಗೇ ಇರುವ ಕಡೆ ಸುಮ್ಮನಿರುವುದು ಯಾರನ್ನೂ ದೂರ ತಳ್ಳುವುದಿಲ್ಲ. ಅಲ್ಲಿ ಅದು ಮರ್ಯಾದೆಯ ಭಾಷೆ. ಹಾಗಾಗಿ ಕೊಡಗಿನ ಮೌನವನ್ನೆಲ್ಲ ರೋಗ ಅನ್ನುವುದು ತಪ್ಪು. ಎಲ್ಲವನ್ನೂ ಧೈರ್ಯ ಅನ್ನುವುದೂ ತಪ್ಪು.

ಏಪ್ರಿಲ್ ಸುಮಾರಿಗೆ ಕೌಟುಂಬಿಕ ಹಾಕಿ ನೋಡಲು ಹೋದರೆ ಈ ಎರಡೂ ಕಾಣಸಿಗುತ್ತವೆ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ ಇದು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡ ಆಡಿ ಗಿನ್ನೆಸ್ ದಾಖಲೆಯಾಯಿತು. ಶೂಟೌಟ್‌ನಲ್ಲಿ ಗೋಲು ಹೊಡೆಯಲಾಗದೆ ಹೋದ ಹುಡುಗನ ಬಳಿ ಮೊದಲು ಯಾರು ಹೋಗುತ್ತಾರೆ, ಏನು ಮಾಡುತ್ತಾರೆ ಎಂದು ನಾನು ಗಮನಿಸುತ್ತಿರುತ್ತೇನೆ. ಬೆನ್ನು ತಟ್ಟಿ ದೊಡ್ಡದಾಗಿ ‘ಪರವಾಗಿಲ್ಲ ಬಿಡು’ ಅನ್ನುವವರು ಬಹಳ. ಒಂದು ಸಲ ಒಬ್ಬ ಹಿರಿಯರು ಹೋಗಿ ಅವನ ಬಿದ್ದ ಸ್ಟಿಕ್ ಎತ್ತಿಕೊಂಡು ಅವನ ಪಕ್ಕ ನಡೆದರು. ಗ್ರೌಂಡ್ ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.

ಗುಣವಾ, ಆಗಸ್ಟ್ ತಿಂಗಳಾ?

ಪ್ರಶ್ನಾವಳಿಗಳಲ್ಲಿ ‘ನಾನು ಬೇಗ ಗಾಬರಿಯಾಗುತ್ತೇನೆ’ ಎಂಬ ವಾಕ್ಯ ಇದ್ದೇ ಇರುತ್ತದೆ. ಹೌದು ಎಂದವರ ಲೆಕ್ಕ ಕಳವಳದ ಗುಣಕ್ಕೆ ಸೇರುತ್ತದೆ, ಇಕ್ಯೂ ಕೆಳಗಿಳಿಯುತ್ತದೆ.

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದವು. ಮನೆ, ತೋಟ, ರಸ್ತೆ ಎಲ್ಲ ಹೋಯಿತು. ಮರುವರ್ಷವೂ ಮಳೆ ಬಿಡಲಿಲ್ಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಮೊದಲ ವರ್ಷ ಪರಿಹಾರ ಕೇಂದ್ರದಲ್ಲಿ ಚಾಪೆ ಮೇಲೆ ಮಲಗಿದ್ದ ಆರನೇ ಏಳನೇ ಕ್ಲಾಸಿನ ಮಕ್ಕಳೇ ಇವತ್ತು ಡಿಗ್ರಿಯಲ್ಲಿರುವುದು. ರಾತ್ರಿ ಮಳೆ ಜೋರಾದರೆ ಎದ್ದು ಕೂರುವ ಹುಡುಗ ಬೇಗ ಗಾಬರಿಯಾಗುವ ಸ್ವಭಾವದವನಾ, ಅಥವಾ ಗಾಬರಿಯಾಗಲು ಕಾರಣ ಇರುವವನಾ? ಆನೆ ಓಡಾಡುವ ದಾರಿಯಲ್ಲಿ ಬೆಳಿಗ್ಗೆ ಆರಕ್ಕೆ ಬಸ್ ಹಿಡಿಯಲು ನಡೆಯುವ ಹುಡುಗಿ ಸಣ್ಣ ಸದ್ದಿಗೂ ಬೆಚ್ಚಿದರೆ ಅದು ದೋಷವಲ್ಲ. ಬದುಕಿ ಉಳಿಯುವ ಜಾಣತನ.

ಹಾಳೆಗೆ ಇದು ಗೊತ್ತಿರುವುದಿಲ್ಲ. ಹಾಳೆ ಕೊಟ್ಟವರಾದರೂ ಕೇಳಬೇಕಲ್ಲ? ಗಾಬರಿ ವರ್ಷಗಟ್ಟಲೆ ಬಿಡದೆ ಕಾಡಿದರೆ, ನಿದ್ದೆ ಕೆಡಿಸಿದರೆ, ಆಗ ಬೇಕಾದ್ದು ಸಾಫ್ಟ್ ಸ್ಕಿಲ್ ತರಬೇತಿಯಲ್ಲ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಈ ನಂಬರೇ ಗೊತ್ತಿಲ್ಲ.

ಸುಟ್ಟರೂ ಹೋಗದಾ?

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತೇವೆ. ಅರ್ಧ ನಿಜ. ಅವಳಿ-ಜವಳಿಗಳ ಅಧ್ಯಯನಗಳ ಪ್ರಕಾರ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 40ರಿಂದ 50ರಷ್ಟು ವಂಶವಾಹಿಗಳಿಗೆ ಸೇರಿದ್ದು. ಉಳಿದದ್ದಕ್ಕೆ ಬದುಕು ಕೈ ಹಾಕುತ್ತದೆ. ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಗಾರರು 2006ರಲ್ಲಿ 92 ಗುಂಪುಗಳ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಸ್ವಭಾವ ಹೆಚ್ಚು ಬದಲಾಗುವುದು ಬಾಲ್ಯದಲ್ಲೋ ಹದಿಹರೆಯದಲ್ಲೋ ಇರಬೇಕು ಎಂದು ನಾವು ಎಣಿಸುತ್ತೇವೆ. ಅವರಿಗೆ ಕಂಡದ್ದು 20ರಿಂದ 40ರ ನಡುವೆ. ಆ ವಯಸ್ಸಿನಲ್ಲಿ ಅಚ್ಚುಕಟ್ಟು ಏರುತ್ತದೆ, ಕಳವಳ ಇಳಿಯುತ್ತದೆ. ಕೆಲಸ, ಸಂಸಾರ, ಸಾಲ, ಹೊಣೆ ಎಲ್ಲ ತಲೆ ಮೇಲೆ ಬರುವ ಕಾಲ ಅಲ್ವಾ ಅದು.

ಕೊಡಗಿನ ಹುಡುಗರಿಗೆ ಇದು ಒಂದು ಬಸ್ ಹತ್ತುವುದರಿಂದ ಶುರುವಾಗುತ್ತದೆ. ಈ ಜಿಲ್ಲೆಗೆ ಇನ್ನೂ ರೈಲಿಲ್ಲ. ಮೈಸೂರು, ಮಂಗಳೂರು, ಬೆಂಗಳೂರು, ಎಲ್ಲಿಗಾದರೂ ಬಸ್ಸೇ. ದ್ವಿತೀಯ ಪಿಯುಸಿವರೆಗೆ ಅಂಗಡಿಯಲ್ಲಿ ಚಿಲ್ಲರೆ ಕೇಳಲೂ ಹಿಂಜರಿಯುತ್ತಿದ್ದ ಹುಡುಗ ಎರಡು ವರ್ಷ ಪಿಜಿಯಲ್ಲಿದ್ದು ಬಂದು ತೋಟದ ಲೆಕ್ಕ ಕೇಳುತ್ತಾನೆ. ಯಾರೂ ತರಬೇತಿ ಕೊಟ್ಟಿರುವುದಿಲ್ಲ.

ತರಬೇತಿಯಿಂದಲೂ ಆಗುತ್ತದೆ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಭಾವ-ಬುದ್ಧಿಯ ತರಬೇತಿಗಳಿಂದ ಸಾಧಾರಣ ಮಟ್ಟದ ಸುಧಾರಣೆ ಕಂಡಿದೆ ಎಂದು 2019ರ ಒಂದು ಒಟ್ಟು ಲೆಕ್ಕ ಹೇಳುತ್ತದೆ. ಆದರೆ ಸ್ವಭಾವದ ಮಟ್ಟದಲ್ಲಿ ಬದಲಾವಣೆ ತಂದ ಪ್ರಯತ್ನಗಳನ್ನು ನೋಡಿದರೆ, 207 ಅಧ್ಯಯನಗಳ 2017ರ ಲೆಕ್ಕದಲ್ಲಿ, ಅವು ಸರಾಸರಿ 24 ವಾರ ನಡೆದಿದ್ದವು. ಅದರಲ್ಲಿ ಹೆಚ್ಚಿನವು ಚಿಕಿತ್ಸೆಗಳು. ಎಲ್ಲಕ್ಕಿಂತ ಜಾಸ್ತಿ ಬದಲಾದದ್ದು ಕಳವಳದ ಗುಣ. ನಮ್ಮಲ್ಲಿ ನಡೆದದ್ದು ಒಂದು ದಿನದ ತರಬೇತಿ. ಅದರಲ್ಲೂ ಮಧ್ಯಾಹ್ನ ಕರೆಂಟ್ ಹೋಯಿತು.

ಕೆಲಸ ಕೊಡುವವರಿಗೂ ಒಂದು ಮಾತು. ಪ್ರಶ್ನಾವಳಿಯ ಇಕ್ಯೂ ಜಾಸ್ತಿ ಇದ್ದವರು ಕೆಲಸ ಚೆನ್ನಾಗಿ ಮಾಡುತ್ತಾರೆ ಎಂಬುದಕ್ಕೆ ಆಧಾರ ಇದೆ. ಆದರೆ ಡೇನಾ ಜೋಸೆಫ್ ಮತ್ತು ಜೊತೆಗಾರರು 2015ರಲ್ಲಿ ಒಂದು ಲೆಕ್ಕ ಹಾಕಿದರು. ಸ್ವಭಾವದ ಐದು ಎಳೆಗಳಲ್ಲಿ ಮೂರು (ಅಚ್ಚುಕಟ್ಟು, ಬೆರೆಯುವ ಗುಣ, ಕಳವಳ), ಸಾಮಾನ್ಯ ಬುದ್ಧಿ, ಆತ್ಮವಿಶ್ವಾಸ ಮುಂತಾದವನ್ನು ಮೊದಲೇ ಕಳೆದುಬಿಟ್ಟರೆ, ಉಳಿಯುವ ಇಕ್ಯೂ ಪ್ರಭಾವ ಬಹುತೇಕ ಸೊನ್ನೆ. ಅಂದರೆ ಗೊತ್ತಿದ್ದದ್ದನ್ನೇ ಹೊಸ ಹೆಸರಿನಲ್ಲಿ ಇನ್ನೊಮ್ಮೆ ಅಳೆದದ್ದಾಯಿತು. ಸಾಮರ್ಥ್ಯದ ಭಾವ-ಬುದ್ಧಿ ನಿಜವಾಗಿ ಕೈಹಿಡಿಯುವುದು ಜನರ ಭಾವನೆಗಳ ಜೊತೆಗೇ ದಿನವಿಡೀ ಇರಬೇಕಾದ ಕೆಲಸಗಳಲ್ಲಿ. ನರ್ಸ್, ಹೋಮ್‌ಸ್ಟೇ, ರಿಸೆಪ್ಷನ್, ಕಾಲ್ ಸೆಂಟರ್. ನಮ್ಮ ಮಕ್ಕಳಲ್ಲಿ ಬಹಳ ಜನ ಹೋಗುವುದೇ ಅಂಥ ಕಡೆ. ಅಲ್ಲಿಗೆ ಆರಿಸುವಾಗ ‘ನಾನು ಒಳ್ಳೆಯವನು’ ಎಂದು ಟಿಕ್ ಹಾಕಿಸುವ ಬದಲು, ಬುಕಿಂಗ್ ತಪ್ಪಿಹೋಗಿ ರಾತ್ರಿ ಒಂಬತ್ತಕ್ಕೆ ಮಗು ಎತ್ತಿಕೊಂಡು ಬಂದು ನಿಂತ ಗಿರಾಕಿಯ ಎದುರು ಹತ್ತು ನಿಮಿಷ ನಿಲ್ಲಿಸಿ ನೋಡಲಿ.

ಈ ವರ್ಷವೂ ಹಾಳೆ ಬಂತು. ಬೇಡ ಅನ್ನುವ ಅಧಿಕಾರ ನನಗಿಲ್ಲ. ಹಂಚುವ ಮುಂಚೆ ಬೋರ್ಡಿನ ಮೇಲೆ ಎರಡು ಪ್ರಶ್ನೆ ಬರೆದೆ: ‘ಯಾವಾಗ? ಯಾರ ಮುಂದೆ?’ ಪ್ರತಿ ಅಂಕದ ಪಕ್ಕ ಅದನ್ನೂ ಬರೆಯಿರಿ ಅಂದೆ. ‘ಸಮಾಧಾನ ಕಳೆದುಕೊಳ್ಳುವುದಿಲ್ಲ’ ಎಂಬುದರ ಮುಂದೆ ಒಬ್ಬ ಹುಡುಗ ಹೀಗೆ ಬರೆದಿದ್ದ: ‘ಗ್ರೌಂಡಿನಲ್ಲಿ 5. ಫ್ರೆಂಡ್ಸ್ ಜೊತೆ 4. ಅಪ್ಪನ ಮುಂದೆ 1.’ ಹಾಳೆ ಕೊಡಲು ಬಂದವನು ಮೇಜಿನ ಹತ್ತಿರ ನಿಂತು ಕೇಳಿದ.

“ಸರ್, ಟೋಟಲ್ ಹೇಗೆ ಹಾಕೋದು?”

ಖಾಲಿ ಬಿಡು ಅಂದೆ.